ಬೀದಿ, ಬಯಲು, ಬಿಡುವು

ಊರಿನ ಜನ ಮೈ ಬಗ್ಗಿಸುವುದನ್ನು ಮರೆತಿದ್ದಾರೆ, ಬಿಡುವು ಸಿಕ್ಕರೆ ಕುಳಿತಲ್ಲೇ ಕಾಲ ಕಳೆಯುತ್ತಾರೆ ಎಂಬ ದೂರು ಹೊಸದಲ್ಲ. ವೈದ್ಯರು ಹೇಳುತ್ತಾರೆ, ಹಿರಿಯರು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಕೊನೆಗೆ ಎಲ್ಲರೂ ತಪ್ಪು ಹೊರಿಸುವುದು ಮನುಷ್ಯನ ಸೋಮಾರಿತನದ ಮೇಲೆ. ಬೆಳಗ್ಗೆ ಎದ್ದು ನಡೆಯಬೇಕೆಂಬ ಸಂಕಲ್ಪವೊಂದಿದ್ದರೆ ಸಾಕು, ಉಳಿದುದೆಲ್ಲ ತಾನಾಗಿ ಕೂಡಿಬರುತ್ತದೆ ಎಂಬುದು ಈ ದೂರಿನ ಒಳಗಿರುವ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತದೆ. ಸಂಕಲ್ಪ ಮಾಡಿ ಬಾಗಿಲು ತೆರೆದವನ ಮುಂದೆ ಏನಿದೆ ಎಂಬುದೂ ಅಷ್ಟೇ ಮುಖ್ಯ. ನೆರಳಿನ ದಾರಿಯಿದ್ದರೆ ಅವನು ನಡೆಯುತ್ತಾನೆ, ಬಯಲಿದ್ದರೆ ಅವನ ಮಕ್ಕಳು ಓಡುತ್ತಾರೆ, ನೀರಿದ್ದರೆ ಈಜುತ್ತಾರೆ. ಇವು ಒಂದೂ ಇಲ್ಲದಿದ್ದರೆ ಸಂಕಲ್ಪ ಮೂರು ದಿನದಲ್ಲಿ ಸೊರಗುತ್ತದೆ.

ಈ ಮಾತನ್ನು ತತ್ತ್ವವಾಗಿ ಹೇಳುವುದಕ್ಕಿಂತ ಒಂದು ಊರಿನ ಚರಿತ್ರೆಯಲ್ಲಿಟ್ಟು ನೋಡುವುದು ಮೇಲು. ಅದಕ್ಕೆ ಬೆಂಗಳೂರು ತಕ್ಕ ಊರು. ಪೇಟೆ, ದಂಡು, ಬಡಾವಣೆ ಎಂಬ ಮೂರು ಬಗೆಯ ಊರುಗಳು ಇಲ್ಲಿ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಉದ್ದೇಶದಿಂದ ಹುಟ್ಟಿ ಪಕ್ಕಪಕ್ಕದಲ್ಲಿ ಬೆಳೆದುವು. ಒಂದೊಂದರಲ್ಲಿಯೂ ಜನ ತಮ್ಮ ಬಿಡುವಿನ ವೇಳೆಯಲ್ಲಿ ಮೈಯನ್ನು ಒಂದೊಂದು ರೀತಿಯಲ್ಲಿ ಪಳಗಿಸಿಕೊಂಡರು. ಆ ರೀತಿಯನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಆ ಭಾಗದ ಕಟ್ಟೋಣ.

ಮೊದಲು ಪೇಟೆ. ೧೫೩೭ರಲ್ಲಿ ಕೆಂಪೇಗೌಡ ಕಟ್ಟಿದನೆಂದು ನಾವು ಹೇಳುವ ಊರು ಇದೇ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವಲ್ಲಿ ಅದರ ನಡು. ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ, ತಿಗಳರ ಪೇಟೆ ಎಂದು ಒಂದೊಂದು ಕಸುಬಿಗೆ, ಒಂದೊಂದು ಸರಕಿಗೆ, ಒಂದೊಂದು ಕುಲಕ್ಕೆ ಒಂದೊಂದು ಬೀದಿ. ಮನೆಗೆ ಮನೆ ಅಂಟಿಕೊಂಡಿದೆ. ಮುಂದೆ ಅಂಗಡಿ, ಹಿಂದೆ ವಾಸ. ಬೀದಿಯಲ್ಲಿ ಗಾಡಿ, ಹೇರು, ದನ, ಜನ. ಇಂಥ ಊರಿನಲ್ಲಿ ಬಿಡುವಿನ ಜಾಗವೆಂದರೆ ಮನೆಯ ಜಗಲಿ. ಜಗಲಿ ಮಾತಿಗೆ ಒಳ್ಳೆಯದು, ಮೈಗೆ ಅಲ್ಲ. ಇಡೀ ದಿನ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತ ನೇಯ್ಗೆಯವನಿಗೆ, ಗದ್ದುಗೆಯ ಮೇಲೆ ಕುಳಿತ ವರ್ತಕನಿಗೆ, ಮೈ ಬಿಚ್ಚಿ ಆಡುವ ಬಯಲು ಪೇಟೆಯೊಳಗೆ ಇರಲಿಲ್ಲ.

ಬಯಲಿಲ್ಲದ ಊರು ಕಂಡುಕೊಂಡ ಉತ್ತರವೇ ಗರಡಿಮನೆ. ಗರಡಿಯನ್ನು ನಾವು ಸಾಮಾನ್ಯವಾಗಿ ಶೌರ್ಯದ, ಸಂಪ್ರದಾಯದ ಮಾತಾಗಿ ಕೊಂಡಾಡುತ್ತೇವೆ. ಅದನ್ನು ಒಂದು ಕಟ್ಟಡವಾಗಿ ನೋಡುವುದು ಕಡಿಮೆ. ತಲೆ ತಗ್ಗಿಸಿ ಒಳಹೊಗಬೇಕಾದ ಕಿರಿದಾದ ಬಾಗಿಲು, ದಪ್ಪ ಗೋಡೆ, ಬೆಳಕು ಬರಲು ಎಲ್ಲೋ ಒಂದು ಕಿಂಡಿ, ಗೂಡಿನಲ್ಲಿ ಆಂಜನೇಯ, ಗೋಡೆಗೆ ಒರಗಿಸಿದ ಗದೆಗಳು, ನಡುವೆ ಹದಮಾಡಿದ ಕೆಮ್ಮಣ್ಣಿನ ಮಟ್ಟಿ. ಒಂದು ಕೋಣೆಯಷ್ಟು ಜಾಗ ಸಾಕು. ದಂಡ, ಬಸ್ಕಿಗಳಿಗೆ ಆಳುದ್ದದ ನೆಲ ಸಾಕು. ಕುಸ್ತಿಗೆ ಇಬ್ಬರು ಹೊರಳುವಷ್ಟು ಮಣ್ಣು ಸಾಕು. ಗಾಳಿ ಒಳಗೆ ಸುಳಿಯದುದರಿಂದ ಬೆವರು ಬೇಗ ಬರುತ್ತದೆ. ಕೆಲಸ ಹಿಡಿಯುವ ಮುಂಚೆ ನಸುಕಿನಲ್ಲಿ, ಅಂಗಡಿ ಮುಚ್ಚಿದ ಮೇಲೆ ಸಂಜೆಯಲ್ಲಿ ಕೇರಿಯ ಹುಡುಗರು ಅಲ್ಲಿ ಸಾಮು ಮಾಡಿದರು. ಮನೆಯಿಂದ ನಾಲ್ಕು ಹೆಜ್ಜೆ, ಕರೆಯಲು ಉಸ್ತಾದನಿದ್ದಾನೆ, ಜೊತೆಗೆ ಓರಗೆಯವರಿದ್ದಾರೆ. ಇಕ್ಕಟ್ಟಾದ ಊರಿಗೆ ಒಪ್ಪುವ ವ್ಯಾಯಾಮವನ್ನು ಇಕ್ಕಟ್ಟಾದ ಊರೇ ರೂಪಿಸಿಕೊಂಡ ಬಗೆ ಇದು.

ಆದರೆ ಆ ತಗ್ಗು ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಹೇಳಬೇಕು. ಹೆಂಗಸರಿಗೆ ಗರಡಿಯಲ್ಲಿ ಪ್ರವೇಶವಿರಲಿಲ್ಲ. ನೀರು ಸೇದುವುದು, ಬೀಸುವುದು, ಕುಟ್ಟುವುದು ಅವರ ಮೈಯನ್ನು ದಣಿಸುತ್ತಿದ್ದವು. ಅದನ್ನು ಬಿಡುವಿನ ವ್ಯಾಯಾಮವೆಂದು ಕರೆದರೆ ಬಿಡುವು ಎಂಬ ಮಾತಿಗೇ ಅವಮಾನ. ಗಂಡಸರಲ್ಲಿಯೂ ಕೇರಿಗೊಂದು, ಕುಲಕ್ಕೊಂದು ಗರಡಿ. ಹತ್ತಿರವಿದ್ದುದು ಅದರ ಗುಣ. ಹತ್ತಿರದವರನ್ನು ಮಾತ್ರ ಸೇರಿಸಿದ್ದು ಅದರ ಮಿತಿ.

ಪೇಟೆಯ ಸುತ್ತ ಇದ್ದುದು ಕೆರೆಗಳು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಕಾರಂಜಿ ಮೊದಲಾದ ಕೆರೆಗಳನ್ನು ಯಾರೂ ವಿಹಾರಕ್ಕೆಂದು ಕಟ್ಟಿಸಲಿಲ್ಲ. ಕುಡಿಯುವ ನೀರಿಗೆ, ತೋಟಗಳಿಗೆ, ಅಗಸರ ಕಲ್ಲುಗಳಿಗೆ, ದನಗಳಿಗೆ ಅವು ಬೇಕಾಗಿದ್ದವು. ಆದರೆ ಏರಿಯಿದ್ದಲ್ಲಿ ಜನ ನಡೆಯುತ್ತಾರೆ. ನೀರಿದ್ದಲ್ಲಿ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಧುಮುಕುತ್ತಾರೆ. ನೀರಿಳಿದ ಅಂಗಳದಲ್ಲಿ ಆಟ ಹೂಡುತ್ತಾರೆ. ಗರಡಿಗೂ ಕೆರೆಗೂ ನಂಟಿದ್ದುದನ್ನು ಇಂದಿಗೂ ಕರಗದಲ್ಲಿ ಕಾಣಬಹುದು. ಚೈತ್ರದ ಹುಣ್ಣಿಮೆಯಂದು ಧರ್ಮರಾಯನ ಗುಡಿಯಿಂದ ಹೊರಡುವ ಕರಗದ ಸುತ್ತ ಕತ್ತಿ ಹಿಡಿದು ಸಾಗುವ ವೀರಕುಮಾರರು ಗರಡಿಯಲ್ಲಿ ಪಳಗಿದವರು. ಆ ಉತ್ಸವದ ವಿಧಿಗಳಿಗೆ ಸಂಪಂಗಿ ಕೆರೆಯ ನೀರು ಬೇಕು. ಗುಡಿ, ಗರಡಿ, ಕೆರೆ ಮೂರೂ ನಡಿಗೆಯ ದೂರದಲ್ಲಿದ್ದ ಊರು ಅದು.

೧೮೦೯ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದರು. ಪೇಟೆಯ ಪೂರ್ವಕ್ಕೆ ದಂಡು ಹುಟ್ಟಿತು. ಪೇಟೆಯನ್ನು ವ್ಯಾಪಾರ ಕಟ್ಟಿದರೆ ದಂಡನ್ನು ಕವಾಯತು ಕಟ್ಟಿತು. ಸಾವಿರಾರು ಕಾಲುಗಳು ಒಮ್ಮೆಲೇ ಹೆಜ್ಜೆಯಿಡಲು ಬಯಲು ಬೇಕು. ಆದುದರಿಂದ ಪೆರೇಡ್ ಮೈದಾನವೇ ದಂಡಿನ ಹೃದಯ. ಮೈದಾನದ ಸುತ್ತ ಅಗಲವಾದ ರಸ್ತೆಗಳು, ದೊಡ್ಡ ಕಾಂಪೌಂಡಿನ ನಡುವೆ ಬಂಗಲೆಗಳು. ಕವಾಯತು ಮುಗಿದ ಮೇಲೆ ಆ ಬಯಲುಗಳು ಏನಾಗಬೇಕು? ಕ್ರಿಕೆಟ್, ಫುಟ್‌ಬಾಲ್, ಹಾಕಿ, ಪೋಲೊ, ಕುದುರೆ ಪಂದ್ಯ ಎಲ್ಲವೂ ಅಲ್ಲಿ ನೆಲೆಸಿದುವು. ಈ ಆಟಗಳು ಗರಡಿಯೊಳಗೆ ಎಂದೂ ಹುಟ್ಟಲಾರವು. ಅವು ಬಯಲಿನ ಮಕ್ಕಳು.

ದಂಡಿನ ಬಯಲು ಪರರದು. ೧೮೬೮ರಲ್ಲಿ ಸೇನಾಧಿಕಾರಿಗಳಿಗಾಗಿ ಹುಟ್ಟಿದ ಕ್ಲಬ್ಬಿನ ಬಾಗಿಲು ಭಾರತೀಯರಿಗೆ ಬಹುಕಾಲ ಮುಚ್ಚಿತ್ತು. ಆದರೂ ಬಯಲಿಗೆ ಗೋಡೆಯಿರಲಿಲ್ಲ. ಬಂಗಲೆಗಳಲ್ಲಿ, ಬ್ಯಾರಕ್ಕುಗಳಲ್ಲಿ ದುಡಿಯುತ್ತಿದ್ದವರ ಮಕ್ಕಳು ಅಂಚಿನಲ್ಲಿ ನಿಂತು ಸಿಪಾಯಿಗಳ ಕಾಲ್ಚೆಂಡಾಟ ನೋಡಿದರು. ಮೈದಾನ ಖಾಲಿಯಾದಾಗ ತಾವೇ ಇಳಿದರು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನು ಮೊದಲಾದ ಬಡ ಬಡಾವಣೆಗಳಲ್ಲಿ ಕಾಲ್ಚೆಂಡು ಇಂದಿಗೂ ಉಸಿರಾಡುತ್ತಿರುವುದಕ್ಕೆ ಈ ನೆರೆಹೊರೆಯೇ ಕಾರಣ. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು ೧೯೩೭ರ ಮಾತು. ಮರುವರ್ಷವೂ ಅವರೇ ಗೆದ್ದರು. ಮೈದಾನ ಬೇಲಿಯಿಲ್ಲದೆ ಇದ್ದುದರ ಫಲವಿದು ಎಂದು ನಾನು ತಿಳಿಯುತ್ತೇನೆ.

ಪೇಟೆಗೂ ದಂಡಿಗೂ ನಡುವೆ ೧೮೭೦ರಲ್ಲಿ ಕಬ್ಬನ್ ಪಾರ್ಕು ರೂಪುಗೊಂಡಿತು. ರಿಚರ್ಡ್ ಸ್ಯಾಂಕಿ ಅದರ ಯೋಜಕ. ಮೊದಲು ಸುಮಾರು ೧೦೦ ಎಕರೆಯಿದ್ದುದು ಮುಂದೆ ಸುಮಾರು ೩೦೦ ಎಕರೆಗೆ ಬೆಳೆಯಿತು. ಇದರ ದಾರಿಗಳು ಕುದುರೆಗಾಡಿಗಳು ಸಾವಕಾಶವಾಗಿ ಸುತ್ತಿಬರಲೆಂದು ಹಾಕಿದಂಥವು. ಆದ್ದರಿಂದಲೇ ಅಗಲವಾಗಿ, ಬಾಗಿ ಬಳುಕಿ ಹೋಗುತ್ತವೆ. ಗಾಡಿಗಳು ಮರೆಯಾದುವು, ಬಳುಕು ಉಳಿಯಿತು. ಇತ್ತ ದಕ್ಷಿಣದಲ್ಲಿ ಹೈದರಾಲಿ ೧೭೬೦ರಲ್ಲಿ ಹಾಕಿಸಿದ ಲಾಲ್‌ಬಾಗು ಅರಸರ ತೋಟವಾಗಿದ್ದುದು ಸಸ್ಯಶಾಸ್ತ್ರದ ತೋಟವಾಗಿ, ಕೊನೆಗೆ ಊರವರ ತೋಟವಾಯಿತು. ಒಬ್ಬರ ವೈಭವಕ್ಕೆ ಹುಟ್ಟಿದ್ದು ಮತ್ತೊಬ್ಬರ ಆರೋಗ್ಯಕ್ಕೆ ಒದಗುವುದು ನಗರಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಮೂರನೆಯ ಊರನ್ನು ಕಟ್ಟಿದ್ದು ಭಯ. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಅದುವರೆಗೆ ಬರಿಯ ಅನನುಕೂಲವಾಗಿತ್ತು. ಈಗ ಅದೇ ಮೃತ್ಯುವಿನ ದಾರಿಯಾಯಿತು. ಅದಕ್ಕೆ ಮೊದಲೇ ಆಲೋಚನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರಗಳು ಪ್ಲೇಗಿನ ಬೆನ್ನಿಗೇ ತುಂಬತೊಡಗಿದುವು. ನೇರವಾದ ಅಗಲ ರಸ್ತೆಗಳು, ಮನೆಯ ಮುಂದೆ ಹಿಂದೆ ಬಿಟ್ಟ ಜಾಗ, ಹಿಂಭಾಗದಲ್ಲಿ ಜಾಡಮಾಲಿಗಳಿಗಾಗಿ ಕಿರಿದಾದ ಓಣಿ, ನಡುನಡುವೆ ಉದ್ಯಾನ. ಇವೆಲ್ಲ ಗಾಳಿ ಬೆಳಕು ಆಡಬೇಕೆಂಬ ಲೆಕ್ಕದಿಂದ ಹುಟ್ಟಿದುವೇ ಹೊರತು ಜನ ಆಡಬೇಕೆಂಬ ಲೆಕ್ಕದಿಂದ ಅಲ್ಲ. ಆದರೆ ಗಾಳಿಗೆಂದು ಬಿಟ್ಟ ಜಾಗಕ್ಕೆ ಮನುಷ್ಯನೂ ಬಂದ.

‘ವಾಯುಸೇವನೆ’ ಎಂಬ ಮಾತು ನಮ್ಮ ಹಳೆಯ ಕಾದಂಬರಿ, ಪ್ರಬಂಧಗಳಲ್ಲಿ ಎಷ್ಟು ಸಲ ಬರುತ್ತದೆಂಬುದನ್ನು ಓದುಗರು ಬಲ್ಲರು. ಸಂಜೆ ಐದಾದ ಮೇಲೆ ಕೋಟು, ರುಮಾಲು, ಕೈಯಲ್ಲೊಂದು ಕೋಲು ಅಥವಾ ಛತ್ರಿ. ನಿವೃತ್ತರು, ಅಧ್ಯಾಪಕರು, ಕಚೇರಿಯಿಂದ ಮರಳಿದವರು ಬಡಾವಣೆಯ ರಸ್ತೆಗಳಲ್ಲಿ ಹೊರಡುತ್ತಿದ್ದರು. ಪೇಟೆಯಲ್ಲಿ ಕೆಲಸವಿಲ್ಲದೆ ಬೀದಿ ಅಲೆಯುವುದು ಸಂಭಾವಿತರ ಲಕ್ಷಣವಾಗಿರಲಿಲ್ಲ. ಬಡಾವಣೆಯಲ್ಲಿ ಕೆಲಸವಿಲ್ಲದೆ ನಡೆಯುವುದೇ ಸಂಭಾವಿತರ ಲಕ್ಷಣವಾಯಿತು. ಈ ಬದಲಾವಣೆ ಒಂದು ತಲೆಮಾರಿನಲ್ಲಿ ಆಯಿತು. ಅದಕ್ಕೆ ಇಂಗ್ಲಿಷ್ ವಿದ್ಯೆ ಕಾರಣವೆನ್ನುವವರುಂಟು. ಇರಬಹುದು; ಆದರೆ ಅದೇ ವಿದ್ಯಾವಂತ ಪೇಟೆಯ ಓಣಿಯಲ್ಲಿದ್ದಾಗ ಎಲ್ಲಿ ನಡೆಯಬೇಕಾಗಿತ್ತು? ಮಾಸ್ತಿಯವರು ಗವೀಪುರದ ತಮ್ಮ ಮನೆಯಿಂದ ಸಂಜೆ ಬಸವನಗುಡಿಯ ಕ್ಲಬ್ಬಿಗೆ ಛತ್ರಿ ಹಿಡಿದು ನಡೆದು ಹೋಗುತ್ತಿದ್ದುದನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಅಲ್ಲಿ ಅವರು ಆಡುತ್ತಿದ್ದುದು ಇಸ್ಪೀಟು. ಆಟ ಕುಳಿತು ಆಡುವುದೇ ಆದರೂ ಅಲ್ಲಿಗೆ ಹೋಗಿಬರುವ ದಾರಿ ಮೈಗೆ ಒಳ್ಳೆಯದನ್ನು ಮಾಡುತ್ತಿತ್ತು. ಕ್ಲಬ್ಬು ನಡೆಯುವ ದೂರದಲ್ಲಿತ್ತು, ದಾರಿಯಲ್ಲಿ ಮರಗಳಿದ್ದುವು.

ಮರಗಳ ಮಾತು ಬಂದಾಗ ಜರ್ಮನಿಯಿಂದ ಬಂದ ತೋಟಗಾರಿಕೆಯ ತಜ್ಞ ಜಿ. ಎಚ್. ಕ್ರುಂಬಿಗಲ್ ಅವರನ್ನು ಸ್ಮರಿಸಬೇಕು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಸಾಲುಮರಗಳನ್ನು ಆರಿಸಿ ನೆಡಿಸಿದವರು ಅವರು. ಬಿಸಿಲಿನ ದೇಶದಲ್ಲಿ ನೆರಳು ಅಲಂಕಾರವಲ್ಲ. ನಡೆಯಬಲ್ಲ ಹೊತ್ತನ್ನು ಹಿಗ್ಗಿಸುವ ಸಾಧನ. ದೀಪವೂ ಅಂತೆಯೇ. ೧೯೦೫ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಉರಿದಾಗ ಊರಿನ ಸಂಜೆ ಉದ್ದವಾಯಿತು. ಮರ ಹಗಲನ್ನು ಕೊಟ್ಟಿತು, ದೀಪ ಇರುಳನ್ನು ಕೊಟ್ಟಿತು. ಬೆಳಕಿರುವ ಬೀದಿಯಲ್ಲಿ ಹೆಂಗಸರೂ ಸಂಜೆ ಜೊತೆಗೂಡಿ ಹೊರಬರುವುದು ಮೆಲ್ಲಮೆಲ್ಲನೆ ಸಾಧ್ಯವಾಯಿತು. ಗುಡಿಗೆಂದು ಹೊರಟ ನಡಿಗೆ ಉದ್ಯಾನದ ಕಡೆಗೂ ತಿರುಗಿತು.

ಪೇಟೆಯ ಗರಡಿ ಮತ್ತು ಬಡಾವಣೆಯ ವಾಯುಸೇವನೆ ಇವೆರಡರ ನಡುವೆ ಒಂದು ಕೊಂಡಿಯಾಗಿ ನಿಂತವರು ಕೆ. ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವಾಗಿ ಅವರು ಕನ್ನಡಿಗರಿಗೆ ಪರಿಚಿತರು. ಆದರೆ ಅವರ ಜೀವನದ ಮುಖ್ಯ ಉದ್ಯೋಗ ಅಂಗಸಾಧನೆ. ಮೊದಲು ಹರ್ಕ್ಯುಲಿಸ್ ಜಿಮ್ನೇಷಿಯಂ ಎಂಬ ಹೆಸರಿನಲ್ಲಿ, ಮುಂದೆ ಈಗಿನ ಜೆ. ಸಿ. ರಸ್ತೆಯ ವ್ಯಾಯಾಮಶಾಲೆಯಲ್ಲಿ ಅವರು ತರುಣರನ್ನು ತಯಾರಿಸಿದರು. ೧೯೩೦ರ ದಶಕದಲ್ಲಿ ಸೂರ್ಯನಮಸ್ಕಾರದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅಂಚೆಯ ಮೂಲಕವೂ ವ್ಯಾಯಾಮ ಪಾಠ ಕಳಿಸಿದರು. ವ್ಯಾಯಾಮಶಾಲೆ ನಿಂತ ಜಾಗವನ್ನು ಗಮನಿಸಬೇಕು. ಅತ್ತ ಪೇಟೆ, ಇತ್ತ ದಕ್ಷಿಣದ ಬಡಾವಣೆಗಳು. ಎರಡೂ ಕಡೆಯವರು ನಡೆದು ಬರಬಲ್ಲ ರಸ್ತೆ. ಗರಡಿಯ ಒಳಾಂಗಣದ ಸಾಧನೆ ಇಲ್ಲಿ ಗಾಳಿ ಬೆಳಕಿನ ಕಟ್ಟಡಕ್ಕೆ ಬಂತು. ಕೇರಿಯ ಹುಡುಗರ ಜಾಗದಲ್ಲಿ ಕಾಲೇಜಿನವರೂ ಕಚೇರಿಯವರೂ ಬಂದರು. ಅಯ್ಯರ್ ಅವರ ಆಪ್ತರಾಗಿದ್ದ ಕೈಲಾಸಂ ಅಲ್ಲಿಗೆ ಬರುತ್ತಿದ್ದರು. ವ್ಯಾಯಾಮದ ಜೊತೆಗೆ ನಾಟಕವೂ ಅಲ್ಲಿ ಬೆಳೆಯಿತು. ಮೈ ಬೆಳೆಸುವ ಜಾಗ ಜನ ಕೂಡುವ ಜಾಗವೂ ಆದಾಗ ಅದಕ್ಕೆ ಆಯುಸ್ಸು ಹೆಚ್ಚು.

ಮಲ್ಲೇಶ್ವರದಿಂದ ಇನ್ನೊಂದು ನಿದರ್ಶನ ಕೊಡುತ್ತೇನೆ. ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ದೊಡ್ಡ ಕ್ರೀಡಾಂಗಣದಲ್ಲಿ ಅಲ್ಲ. ಮನೆಗೆ ಹತ್ತಿರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಜಾಗ. ಮದುವೆಯಿದ್ದ ದಿನ ಆಟವಿಲ್ಲ. ಮದುವೆಯಿಲ್ಲದ ದಿನ ಹುಡುಗರು ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದರು. ಜಗತ್ತನ್ನು ಗೆದ್ದ ಆಟಗಾರನಿಗೆ ಊರು ಕೊಟ್ಟದ್ದು ಇಷ್ಟೇ: ಮನೆಯ ಬಳಿ ಎತ್ತರದ ಚಾವಣಿಯ ಒಂದು ಕೋಣೆ, ಬಾಗಿಲು ತೆರೆಯಲು ಒಪ್ಪಿದ ಹಿರಿಯರು. ಪ್ರತಿಭೆ ಅವರದು, ಪರಿಶ್ರಮ ಅವರದು. ಆದರೆ ಆ ಸಭಾಂಗಣ ಐದು ಮೈಲಿ ದೂರದಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು.

ಇಲ್ಲಿಂದ ಮುಂದಿನ ಕಥೆ ಅಷ್ಟು ಹಿತವಾದುದಲ್ಲ. ೧೮೯೦ರ ದಶಕದ ಮಧ್ಯದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಊರಿಗೆ ಬಂತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ನೀರೂ ಸೇರಿತು. ನಲ್ಲಿ ಬಂದ ಮೇಲೆ ಕೆರೆ ಏಕೆ? ಬೇಡವಾದ ಕೆರೆಯಂಗಳ ಊರಿನ ನಡುವೆ ಬಿದ್ದಿರುವ ಬಿಟ್ಟಿ ನೆಲವಾಗಿ ಕಂಡಿತು. ಧರ್ಮಾಂಬುಧಿ ಬತ್ತಿ ಸುಭಾಷ್ ನಗರದ ಮೈದಾನವಾಯಿತು, ಮೈದಾನ ಕೊನೆಗೆ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ವಿಧಿಗಾಗಿ ಒಂದು ಸಣ್ಣ ಕೊಳ ಮಾತ್ರ ಅದರ ಮಗ್ಗುಲಲ್ಲಿ ಉಳಿದಿದೆ. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು, ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು. ೧೯೯೭ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಕೋರಮಂಗಲದ ಕೆರೆಯ ನೆಲದ ಮೇಲೆ ಕ್ರೀಡಾಪಟುಗಳ ವಸತಿಗಾಗಿ ಕಟ್ಟಿದ ಮನೆಗಳು ನಿಂತಿದ್ದುವು.

ಕೆರೆ ಹೋದರೂ ಆಟ ಉಳಿಯಿತಲ್ಲ ಎಂದು ಯಾರಾದರೂ ಹೇಳಬಹುದು. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಉತ್ತಮ ಓಟಗಾರನಿಗೆ ಒಳ್ಳೆಯ ಓಟದ ಹಾದಿ ಬೇಕು, ಹಾಕಿ ತಂಡಕ್ಕೆ ಒಳ್ಳೆಯ ಅಂಗಳ ಬೇಕು. ಆದರೆ ಕೆರೆಯ ಏರಿಗೂ ಕ್ರೀಡಾಂಗಣಕ್ಕೂ ಒಂದು ವ್ಯತ್ಯಾಸವಿದೆ. ಏರಿಗೆ ಬಾಗಿಲಿಲ್ಲ, ಕ್ರೀಡಾಂಗಣಕ್ಕೆ ಬಾಗಿಲು, ಬೀಗ, ಟಿಕೀಟು ಇವೆ. ಏರಿಯ ಮೇಲೆ ಬಂದವರೆಲ್ಲ ನಡೆಯುವವರು. ಕ್ರೀಡಾಂಗಣದಲ್ಲಿ ಇಪ್ಪತ್ತು ಮಂದಿ ಆಡುತ್ತಾರೆ, ಸಾವಿರಾರು ಮಂದಿ ಕುಳಿತು ನೋಡುತ್ತಾರೆ. ಊರಿನ ನಡುವಣ ಬಯಲುಗಳು ಒಂದೊಂದಾಗಿ ಪ್ರೇಕ್ಷಕರ ಗ್ಯಾಲರಿಗಳಾದಾಗ, ಆಡುತ್ತಿದ್ದ ಊರು ನೋಡುವ ಊರಾಯಿತು. ಜನರ ಸೋಮಾರಿತನವೆಂದು ನಾವು ಕರೆಯುವುದರಲ್ಲಿ ಈ ಬದಲಾವಣೆಯ ಪಾಲೆಷ್ಟು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಕೆರೆ ಕೆರೆಯಾಗಿಯೇ ಉಳಿದಿದ್ದರೆ ಏನಾಗಬಹುದಿತ್ತು ಎಂಬುದಕ್ಕೆ ಮೈಸೂರಿನಲ್ಲಿ ಉತ್ತರವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೪ರಲ್ಲಿ ವ್ಯವಸಾಯದ ನೀರಿಗಾಗಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಊರು ಬೆಳೆದು ಸುತ್ತುವರಿದರೂ ನೀರನ್ನು ಉಳಿಸಿಕೊಂಡಿತು. ಅದರ ಏರಿಯ ಮೇಲೆ ಕುವೆಂಪು ನಡೆದರು. ಆ ನಡಿಗೆಯಿಂದ ಕನ್ನಡಕ್ಕೆ ಬಂದ ಕವಿತೆಗಳನ್ನು ಇಲ್ಲಿ ಎಣಿಸಬೇಕಾಗಿಲ್ಲ. ಇಂದಿಗೂ ನಸುಕಿನಲ್ಲಿ ಅಲ್ಲಿ ನೂರಾರು ಮಂದಿ ನಡೆಯುತ್ತಾರೆ. ಅವರೆಲ್ಲ ಬೆಂಗಳೂರಿನವರಿಗಿಂತ ದೃಢಸಂಕಲ್ಪದವರೆಂದು ಭಾವಿಸಲು ನನಗೆ ಕಾರಣ ಕಾಣದು. ಅವರ ದಾರಿಯಲ್ಲಿ ಒಂದು ಏರಿ ಇದೆ, ಅಷ್ಟೆ.

ಬಡಾವಣೆಗಳಲ್ಲಿಯೂ ಬಯಲು ಬೇಗ ಕರಗಿತು. ೧೯೪೫ರ ಕಾನೂನಿನಂತೆ ನಗರಾಭಿವೃದ್ಧಿಯ ವಿಶ್ವಸ್ತ ಮಂಡಲಿ, ೧೯೭೬ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೊಸ ಹೊಸ ಬಡಾವಣೆಗಳನ್ನು ಹಾಕಿದುವು. ಮನೆ ಕಟ್ಟುವವರೆಗೆ ಖಾಲಿ ಸೈಟುಗಳೇ ಮಕ್ಕಳ ಮೈದಾನ. ನಾಲ್ಕು ಸೈಟು ಕೂಡಿದರೆ ಕ್ರಿಕೆಟ್ಟು, ಒಂದೇ ಇದ್ದರೆ ಲಗೋರಿ. ಸೈಟು ತುಂಬುತ್ತ ಬಂದಂತೆ ಮಕ್ಕಳು ರಸ್ತೆಗೆ ಇಳಿದರು. ರಸ್ತೆಯಲ್ಲಿ ವಾಹನ ತುಂಬುತ್ತ ಬಂದಂತೆ ಮನೆಯೊಳಗೆ ಸರಿದರು. ಉದ್ಯಾನವೆಂದು ಬಿಟ್ಟ ಜಾಗವಿದ್ದಲ್ಲಿ ಅದಕ್ಕೆ ಕಬ್ಬಿಣದ ಬೇಲಿ ಬಂತು. ನಮ್ಮ ಬಡಾವಣೆಯ ಉದ್ಯಾನದಲ್ಲಿ ಹುಲ್ಲು ತುಳಿಯಬಾರದು, ಚೆಂಡಾಡಬಾರದು, ಸೈಕಲ್ಲು ತರಬಾರದು ಎಂಬ ಫಲಕವನ್ನು ನಾನು ಬಹಳ ವರ್ಷ ಓದಿದ್ದೇನೆ. ನಡುಹಗಲಿನಲ್ಲಿ ಅದಕ್ಕೆ ಬೀಗ. ಹಿರಿಯರು ಸುತ್ತು ಹಾಕಲು ಕಲ್ಲು ಹಾಸಿನ ದಾರಿಯಿತ್ತು. ಹತ್ತು ವರ್ಷದ ಹುಡುಗಿಗೆ ಅಲ್ಲಿ ಮಾಡಲು ಏನೂ ಇರಲಿಲ್ಲ.

ಈ ನಷ್ಟವನ್ನು ಊರು ಸುಮ್ಮನೆ ಒಪ್ಪಿಕೊಂಡಿತೆಂದು ಹೇಳಿದರೆ ತಪ್ಪಾದೀತು. ಕಬ್ಬನ್ ಪಾರ್ಕು, ಲಾಲ್‌ಬಾಗುಗಳನ್ನು ಕಾಪಾಡಲು ೧೯೭೫ರಲ್ಲಿ ಕಾನೂನು ಬಂತು. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ರಕ್ಷಣೆಗಾಗಿ ೧೯೮೫ರಲ್ಲಿ ಇನ್ನೊಂದು ಕಾನೂನಾಯಿತು. ಕಾನೂನಿಗಿಂತ ಹೆಚ್ಚು ನೆನಪಿಡಬೇಕಾದದ್ದು ರಾಜಮಹಲ್ ವಿಲಾಸ ಬಡಾವಣೆಯ ನಿವಾಸಿಗಳ ಹೋರಾಟ. ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಮಂಜೂರು ಮಾಡಲಾಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಮೊದಲು ಸೋತರು, ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಗೆದ್ದರು, ೧೯೯೧ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ತೆರೆದ ಜಾಗ ನಿವಾಸಿಗಳ ಆರೋಗ್ಯಕ್ಕೆ ಅವಶ್ಯವಾದುದು, ಅದರ ನಷ್ಟವನ್ನು ಪ್ರಶ್ನಿಸುವ ಹಕ್ಕು ಅವರಿಗಿದೆ ಎಂಬುದು ಆ ತೀರ್ಪಿನ ಸಾರ. ಜಾಗವನ್ನು ಕೇಳಿದ್ದು ರೋಗ ವಾಸಿಮಾಡುವ ಸಂಸ್ಥೆ. ಉಳಿದದ್ದು ರೋಗ ಬಾರದಂತೆ ನೋಡಿಕೊಳ್ಳುವ ಬಯಲು. ಇವೆರಡರಲ್ಲಿ ಎರಡನೆಯದೂ ಆರೋಗ್ಯದ ವ್ಯವಸ್ಥೆಯೇ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿದ್ದು ಸಣ್ಣ ಸಂಗತಿಯಲ್ಲ.

ಚರಿತ್ರೆ ತೋರುವುದನ್ನೇ ಈಗ ವಿಜ್ಞಾನ ಅಳೆದು ಹೇಳುತ್ತಿದೆ. ೨೦೧೬ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ೧೦ ದೇಶಗಳ ೧೪ ನಗರಗಳಲ್ಲಿ ೬,೮೦೦ಕ್ಕೂ ಹೆಚ್ಚು ವಯಸ್ಕರ ಸೊಂಟಕ್ಕೆ ಚಲನೆಯನ್ನು ಅಳೆಯುವ ಚಿಕ್ಕ ಯಂತ್ರ ಕಟ್ಟಿ ನೋಡಿದ ಅಧ್ಯಯನ ಅದು. ಮನೆಗಳು ಒತ್ತಾಗಿರುವ, ಬೀದಿಗಳು ಒಂದಕ್ಕೊಂದು ಕೂಡಿಕೊಳ್ಳುವ, ಬಸ್ಸು ರೈಲು ಹತ್ತಿರ ಸಿಗುವ, ನಡೆದು ಹೋಗುವಷ್ಟರಲ್ಲಿ ಹಲವು ಉದ್ಯಾನಗಳಿರುವ ನೆರೆಹೊರೆಗಳಲ್ಲಿ ವಾಸಿಸುವವರ ಮೈ ಉಳಿದವರಿಗಿಂತ ವಾರಕ್ಕೆ ೬೮ರಿಂದ ೮೯ ನಿಮಿಷ ಹೆಚ್ಚಾಗಿ ಚಲಿಸುತ್ತಿತ್ತು. ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಬೇಕಾದುದರಲ್ಲಿ ಅರ್ಧದಷ್ಟನ್ನು ಬೀದಿಯ ರಚನೆಯೇ ಒದಗಿಸಬಲ್ಲದು. ಈ ಅಳತೆಯಲ್ಲಿ ಬಿಡುವಿನ ನಡಿಗೆ, ಕೆಲಸದ ನಡಿಗೆ ಎರಡೂ ಸೇರಿವೆ. ಆ ೧೪ ನಗರಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. ನಮ್ಮ ಊರುಗಳಿಗೆ ಒತ್ತಾದ ಮನೆಗಳ ಕೊರತೆಯಿಲ್ಲ. ಕೊರತೆಯಿರುವುದು ಕಾಲುದಾರಿಗೆ, ನೆರಳಿಗೆ, ಬಾಗಿಲು ತೆರೆದ ಬಯಲಿಗೆ.

ಬಯಲು ಹೋದಲ್ಲಿ ಹಣ ಬಂದಿದೆ. ಅಂಗಡಿ ಸಾಲಿನ ಮೇಲಂತಸ್ತಿನಲ್ಲಿ ಜಿಮ್ಮುಗಳು ಹುಟ್ಟಿವೆ. ಎತ್ತರದ ವಸತಿ ಸಮುಚ್ಚಯಗಳ ಒಳಗೆ ಈಜುಕೊಳ, ಆಟದ ಅಂಗಳಗಳಿವೆ. ಟ್ರೆಡ್‌ಮಿಲ್ಲಿನ ಮೇಲೆ ಮನುಷ್ಯ ಎಲ್ಲಿಗೂ ಹೋಗದೆ ಮೈಲಿಗಟ್ಟಲೆ ನಡೆಯುತ್ತಾನೆ. ಇದನ್ನು ನಾನು ಹಳಿಯುವುದಿಲ್ಲ. ಇಕ್ಕಟ್ಟಾದ ಪೇಟೆ ಗರಡಿಯನ್ನು ಕಂಡುಕೊಂಡಂತೆ ಇಕ್ಕಟ್ಟಾದ ನಗರ ಇದನ್ನು ಕಂಡುಕೊಂಡಿದೆ. ಗರಡಿಯ ಬಾಗಿಲಲ್ಲಿ ಕುಲ ಕೇಳುತ್ತಿದ್ದರು, ಇಲ್ಲಿ ಶುಲ್ಕ ಕೇಳುತ್ತಾರೆ. ಸಂಬಳದಿಂದ ಬಾಡಿಗೆ ಕಳೆದು ಏನೂ ಉಳಿಯದ ಮನೆಯ ಮಗುವಿಗೆ ಎರಡೂ ಬಾಗಿಲು ಒಂದೇ. ಆ ಮಗುವಿಗೆ ಉಳಿದಿರುವುದು ಬೀದಿ, ಉದ್ಯಾನ, ಶಾಲೆಯ ಅಂಗಳ, ಕೆರೆಯ ಏರಿ. ಇವು ಕಿರಿದಾದಷ್ಟೂ ಅದರ ಬಾಲ್ಯ ಕಿರಿದಾಗುತ್ತದೆ.

ಸಮಾಧಾನದ ಮಾತೂ ಇಲ್ಲದಿಲ್ಲ. ಕಳೆದ ಕೆಲವು ದಶಕಗಳಲ್ಲಿ ಹಲವು ಕೆರೆಗಳ ಸುತ್ತ ಕಾಲುದಾರಿಗಳಾಗಿವೆ. ಸ್ಯಾಂಕಿ ೧೮೮೨ರಲ್ಲಿ ಕಟ್ಟಿಸಿದ ಕೆರೆಯ ಸುತ್ತ ಬೆಳಗಿನ ನಡಿಗೆಯವರ ಸಾಲು ತಪ್ಪುವುದಿಲ್ಲ. ಕೈಕೊಂಡ್ರಹಳ್ಳಿಯಂಥ ಕಡೆ ನೆರೆಯವರೇ ಮುಂದೆ ನಿಂತು ಕೆರೆಯನ್ನು ಬದುಕಿಸಿಕೊಂಡಿದ್ದಾರೆ. ನಡೆಯುವವರು ಹೆಚ್ಚಿದಂತೆ ಕೆರೆಗೆ ಕಾವಲುಗಾರರು ಹೆಚ್ಚುತ್ತಾರೆ. ಏರಿಯ ಮೇಲೆ ದಿನಾ ನಡೆಯುವವನಿಗೆ ಕೊಳಚೆ ನೀರು ಎಲ್ಲಿಂದ ಬಂದು ಸೇರುತ್ತದೆಂಬುದು ತಿಳಿದಿರುತ್ತದೆ.

ನಮ್ಮ ಊರುಗಳನ್ನು ಕಟ್ಟಿದವರು ನೀರಿಗೆ ಕೆರೆ ಕಟ್ಟಿದರು, ಯುದ್ಧಕ್ಕೆ ಮೈದಾನ ಬಿಟ್ಟರು, ಪ್ಲೇಗಿಗೆ ಹೆದರಿ ರಸ್ತೆ ಅಗಲ ಮಾಡಿದರು. ಆ ನೆರಳಿನಲ್ಲಿ ಮೂರು ನಾಲ್ಕು ತಲೆಮಾರುಗಳು ಆಡಿದುವು, ನಡೆದುವು. ಅದು ನಮಗೆ ಅಕಸ್ಮಾತ್ತಾಗಿ ದೊರೆತ ಸೊತ್ತು. ಅಕಸ್ಮಾತ್ತಾಗಿ ಬಂದುದನ್ನು ಅಷ್ಟೇ ಅಜಾಗರೂಕತೆಯಿಂದ ಕಳೆದೆವು. ಇನ್ನು ಮುಂದೆ ಹಾಕುವ ಬಡಾವಣೆಗಳಲ್ಲಿ ಅದು ತಾನಾಗಿ ಬರಲಾರದು; ಬೇಕೆಂದು ಕೇಳಬೇಕು, ನಕ್ಷೆಯಲ್ಲಿ ಬರೆಸಬೇಕು, ಬರೆದದ್ದು ಅಳಿಯದಂತೆ ನೋಡಿಕೊಳ್ಳಬೇಕು. ನಿಮ್ಮ ಬೀದಿಯ ನಕ್ಷೆಯಲ್ಲಿ ಉದ್ಯಾನವೆಂದು ಹಸಿರು ಬಳಿದ ಜಾಗ ಎಲ್ಲಿದೆ, ಅದು ಇಂದು ಏನಾಗಿದೆ, ಅದರ ಬೀಗದ ಕೈ ಯಾರಲ್ಲಿದೆ ಎಂಬುದನ್ನು ಒಮ್ಮೆ ವಿಚಾರಿಸಿ ನೋಡಿ.